ಹಂಚಿದ ಕನ್ನಡಕ, ಹಾಕಿಕೊಂಡ ಕನ್ನಡಕ

ಈಗಿನ ಸಂಸ್ಥೆಗೆ ಸೇರುವ ಮೊದಲು ನಾನು ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ 11 ವರ್ಷ ಕೆಲಸ ಮಾಡಿದ್ದೆ. ತಿಂಗಳ ಕೊನೆಗೆ ಎರಡೂ ಬದಿಯ ಮೊತ್ತ ಸರಿಹೊಂದಿದರೆ ಅಲ್ಲಿ ನನ್ನ ಕೆಲಸ ಮುಗಿಯುತ್ತಿತ್ತು. ಆ ಮೊತ್ತದಿಂದ ಯಾರ ಬದುಕಿನಲ್ಲಿ ಏನಾಯಿತು ಎಂದು ನನ್ನನ್ನು ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಿಕೊಳ್ಳುತ್ತಿರಲಿಲ್ಲ. ಆ ಪ್ರಶ್ನೆಯೇ ದಿನನಿತ್ಯದ ಕೆಲಸವಾಗಿರುವ ಕಡೆಗೆ ಹೋಗಬೇಕು ಎನ್ನುವ ಆಸೆ ಹಲವು ವರ್ಷ ಮನಸ್ಸಿನಲ್ಲೇ ಇತ್ತು. ಸಂಬಳ ಮೂರನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ ಎಂದು ತಿಳಿದೂ, ಹತ್ತಿರದ ದೃಷ್ಟಿ ಮಂದವಾದವರಿಗೆ ಕನ್ನಡಕ ಒದಗಿಸುವ ಒಂದು ಲಾಭರಹಿತ ಸಂಸ್ಥೆಗೆ, ದಾನಿಗಳಿಗೆ ಅರ್ಜಿ ಮತ್ತು ವರದಿ ಬರೆಯುವ ಹುದ್ದೆಗೆ ಸೇರಿಕೊಂಡೆ. ಸೇರಿ ಈಗ ಆರನೇ ವರ್ಷ. ಮೊದಲ ಮೂರು ವರ್ಷಗಳಲ್ಲಿ ನಡೆದದ್ದನ್ನು, ಮುಖ್ಯವಾಗಿ ಒಂದು ಅನುದಾನದ ಆರಂಭದಿಂದ ಮುಕ್ತಾಯದವರೆಗೆ ನಾನು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಲವತ್ತು ದಾಟಿದವರಿಗೆ ಬರುವ ಚಾಳೀಸು ಒಂದು ಕಾಯಿಲೆಯಲ್ಲ, ವಯಸ್ಸಿನೊಂದಿಗೆ ಕಣ್ಣಿನ ಮಸೂರ ತನ್ನ ಬಾಗುವ ಗುಣವನ್ನು ಕಳೆದುಕೊಳ್ಳುವುದರಿಂದ ಆಗುವ ಸಹಜ ಬದಲಾವಣೆ. ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಓದು ಬರಹವಿಲ್ಲದವರಿಗೆ ಮಾತ್ರ ತಮ್ಮ ಕೈ ನಿಧಾನವಾಗಿದೆ, ಕೆಲಸದಲ್ಲಿ ತಪ್ಪು ಹೆಚ್ಚಾಗಿದೆ ಎಂದಷ್ಟೇ ಅನ್ನಿಸುತ್ತದೆ. ಅದಕ್ಕೆ ಕಣ್ಣು ಕಾರಣ ಎಂದು ಹೊಳೆಯುವುದೇ ಇಲ್ಲ. ಅಸ್ಸಾಮಿನ 751 ಚಹಾ ಎಲೆ ಕೀಳುವ ಕಾರ್ಮಿಕರ ಮೇಲೆ ನಡೆದು, 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕನ್ನಡಕ ಪಡೆದವರ ದುಡಿಮೆಯ ಪ್ರಮಾಣ ಪಡೆಯದವರಿಗಿಂತ ಶೇಕಡಾ 21.7ರಷ್ಟು ಹೆಚ್ಚಾಗಿತ್ತು. ಸಂದರ್ಶನಕ್ಕೆ ಹೋಗುವ ಹಿಂದಿನ ರಾತ್ರಿ ನಾನು ಆ ಲೇಖನವನ್ನು ಎರಡು ಬಾರಿ ಓದಿದೆ. ಇಷ್ಟು ಅಗ್ಗದ, ಇಷ್ಟು ಸರಳವಾದ ಒಂದು ವಸ್ತುವಿನಿಂದ ಇಷ್ಟು ದೊಡ್ಡ ಬದಲಾವಣೆ ಸಾಧ್ಯವಾದರೆ, ಅದನ್ನು ತಲುಪಿಸುವುದೊಂದೇ ಉಳಿದಿರುವ ಕೆಲಸ ಎಂದು ಆ ರಾತ್ರಿ ನಂಬಿದ್ದೆ.

ಕಚೇರಿ ಕೆಲಸದವರಿಗೂ ಮೊದಲ ಎರಡು ವಾರ ಕ್ಷೇತ್ರದಲ್ಲೇ ತರಬೇತಿ ಎಂಬುದು ನಮ್ಮಲ್ಲಿಯ ನಿಯಮ, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ಸಂಸ್ಥೆಯ ಅತ್ಯುತ್ತಮ ನಿಯಮ. ನಾವೆಲ್ಲರೂ ಅಕ್ಕ ಎಂದೇ ಕರೆಯುವ ಹಿರಿಯ ಕಾರ್ಯಕರ್ತೆಯೊಬ್ಬರು ನನಗೆ ಪರೀಕ್ಷೆ ಮಾಡುವುದನ್ನು ಕಲಿಸಿದರು. ಅಕ್ಷರಗಳ ಬದಲು ಗುರುತುಗಳಿರುವ ಚಿಕ್ಕ ಫಲಕವೊಂದಕ್ಕೆ 40 ಸೆಂಟಿಮೀಟರ್ ಉದ್ದದ ದಾರ ಕಟ್ಟಿರುತ್ತದೆ. ದಾರದ ಇನ್ನೊಂದು ತುದಿಯನ್ನು ಎದುರಿಗೆ ಕುಳಿತವರ ಕಣ್ಣಿನ ಹೊರಮೂಲೆಗೆ ಹಿಡಿದರೆ ದೂರ ತಪ್ಪುವುದಿಲ್ಲ. ಕಾಣದಿದ್ದಾಗ ಜನ ಫಲಕವನ್ನು ದೂರ ತಳ್ಳಲು ನೋಡುತ್ತಾರೆ. ಆಗ ಅವರ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಂದು, ಕಡಿಮೆ ಪವರಿನಿಂದ ಆರಂಭಿಸಿ ಒಂದೊಂದೇ ಕನ್ನಡಕವನ್ನು ತೊಡಿಸಬೇಕು. ಸರಿಯಾದದ್ದು ಸಿಕ್ಕಾಗ ಅವರು ಫಲಕವನ್ನು ನೋಡುವುದಿಲ್ಲ, ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಳ್ಳುತ್ತಾರೆ. ಮೊದಲ ದಿನ ಇದನ್ನು ಐದಾರು ಮಂದಿಯಲ್ಲಿ ಕಂಡೆ. ತಾವು ಸಂಸ್ಥೆಗೆ ಬಂದ ದಿನದಿಂದ ಇದನ್ನು ನೋಡುತ್ತಿದ್ದರೂ ಬೇಸರ ಬಂದಿಲ್ಲ ಎಂದು ಅಕ್ಕ ಹೇಳಿದರು, ನಾನು ನಂಬಿದೆ.

ಅಲ್ಲಿಂದ ಕಚೇರಿಗೆ ಬಂದು ಕುಳಿತಾಗ ಎದುರಾದದ್ದು ಬೇರೆಯೇ ಲೋಕ. ಕಂಪನಿಯ ಹಣ ಒಂದೇ ಚೀಲದಲ್ಲಿರುತ್ತದೆ. ಇಲ್ಲಿ ಪ್ರತಿ ದಾನಿಯ ಹಣಕ್ಕೂ ಪ್ರತ್ಯೇಕ ಚೀಲ, ಪ್ರತಿ ಚೀಲದ ಬಾಯಿಗೂ ಪ್ರತ್ಯೇಕ ಗಂಟು. ಕನ್ನಡಕಕ್ಕೆಂದು ಕೊಟ್ಟ ಹಣದಿಂದ ಬಾಡಿಗೆ ಕಟ್ಟುವಂತಿಲ್ಲ, ಪ್ರಯಾಣಕ್ಕೆಂದು ಕೊಟ್ಟದ್ದು ಉಳಿದರೆ ತರಬೇತಿಗೆ ಬಳಸುವಂತಿಲ್ಲ, ವರ್ಷದ ಕೊನೆಗೆ ಉಳಿದದ್ದನ್ನು ಹಿಂದಿರುಗಿಸಬೇಕು. ನನ್ನ ಸಂಬಳವೇ ಮೂರು ಯೋಜನೆಗಳಿಂದ 40, 35 ಮತ್ತು 25ರ ಶೇಕಡಾವಾರು ಲೆಕ್ಕದಲ್ಲಿ ಬರುತ್ತಿತ್ತು. ಯಾವ ದಿನ ಯಾವ ಯೋಜನೆಗೆ ಎಷ್ಟು ಗಂಟೆ ದುಡಿದೆ ಎಂದು ಪ್ರತಿವಾರ ತುಂಬಿಕೊಡಬೇಕಿತ್ತು. ಕೊಟ್ಟ ಹಣ ಕೊಟ್ಟ ಉದ್ದೇಶಕ್ಕೇ ಹೋಗಬೇಕೆಂದು ಬಯಸುವುದು ದಾನಿಯ ನ್ಯಾಯವಾದ ಹಕ್ಕು, ಲೆಕ್ಕದವನಾಗಿ ನಾನು ಅದನ್ನು ಮನಸಾರೆ ಗೌರವಿಸುತ್ತೇನೆ. ಆದರೆ ಕಚೇರಿಯ ವಿದ್ಯುತ್ತಿಗೆ, ಲೆಕ್ಕಪರಿಶೋಧನೆಗೆ, ಹಳೆಯ ಕಂಪ್ಯೂಟರ್ ಬದಲಿಸುವುದಕ್ಕೆ ಯಾವ ಚೀಲದಲ್ಲೂ ಜಾಗವಿರಲಿಲ್ಲ. ಆಡಳಿತ ವೆಚ್ಚ ಕಡಿಮೆ ಇರುವ ಸಂಸ್ಥೆಯೇ ಒಳ್ಳೆಯ ಸಂಸ್ಥೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಸಂಸ್ಥೆಗಳೇ ತಮ್ಮ ನಿಜವಾದ ಖರ್ಚನ್ನು ಕಡಿಮೆ ಮಾಡಿ ತೋರಿಸಲು ಹೆಣಗುತ್ತವೆ. ಅಮೆರಿಕದಲ್ಲಿ ದಾನ ಸಂಸ್ಥೆಗಳ ಮಾಹಿತಿ ಮತ್ತು ಮೌಲ್ಯಮಾಪನ ನೀಡುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಎಂಬ ಮೂರು ಸಂಸ್ಥೆಗಳು 2013ರಲ್ಲಿ ದಾನಿಗಳಿಗೆ ಒಂದು ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚದ ಶೇಕಡಾವಾರು ಒಂದರಿಂದಲೇ ಸಂಸ್ಥೆಯನ್ನು ಅಳೆಯಬೇಡಿ ಎಂದು ಕೇಳಿಕೊಂಡಿದ್ದವು. ನಮ್ಮ ನಿರ್ದೇಶಕಿ ಅದರ ಪ್ರತಿಯನ್ನು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದರು. ಹಾಗಿದ್ದೂ ಪ್ರತಿ ಅರ್ಜಿಯಲ್ಲಿ ಆ ಶೇಕಡಾವಾರನ್ನು ಇಳಿಸುವಂತೆ ಅವರೇ ನನಗೆ ಹೇಳಬೇಕಾಗಿ ಬರುತ್ತಿತ್ತು.

ನಾನು ಸ್ವತಂತ್ರವಾಗಿ ಬರೆದ ಮೊದಲ ಅರ್ಜಿ ಎರಡು ವರ್ಷದ ಅನುದಾನಕ್ಕೆ. ಅದಕ್ಕೆ ಲಾಗ್‌ಫ್ರೇಮ್ ಎಂಬ ಕೋಷ್ಟಕವನ್ನು ಲಗತ್ತಿಸಬೇಕಿತ್ತು. ಅಮೆರಿಕ ಸರ್ಕಾರದ ನೆರವು ಸಂಸ್ಥೆಯಾಗಿದ್ದ ಯುಎಸ್‌ಎಐಡಿಗಾಗಿ 1969ರಲ್ಲಿ ರೂಪುಗೊಂಡ ಈ ಕೋಷ್ಟಕ ಇಂದು ಜಗತ್ತಿನ ಎಲ್ಲೆಡೆ ಇಂಥ ಕೆಲಸ ಮಾಡುವವರಿಗೆ ಪರಿಚಿತ. ಮೊದಲ ಕಾಲಮಿನಲ್ಲಿ ಏನು ಮಾಡುತ್ತೇವೆ, ಎರಡನೆಯದರಲ್ಲಿ ಯಾವ ಸೂಚ್ಯಂಕದಿಂದ ಅಳೆಯುತ್ತೇವೆ, ಮೂರನೆಯದರಲ್ಲಿ ಅದಕ್ಕೆ ಆಧಾರವೇನು, ನಾಲ್ಕನೆಯದರಲ್ಲಿ ನಾವು ಏನನ್ನು ನಂಬಿ ಹೊರಟಿದ್ದೇವೆ ಎಂಬುದನ್ನು ಬರೆಯಬೇಕು. ಮೊದಲ ಮೂರನ್ನು ತುಂಬಲು ನನಗೆ ಹತ್ತು ದಿನ ಹಿಡಿಯಿತು. ನಾಲ್ಕನೆಯದನ್ನು ಅರ್ಜಿ ಕಳುಹಿಸುವ ದಿನ ಮಧ್ಯಾಹ್ನ ತುಂಬಿದೆ. ಅದರಲ್ಲಿ ಬರೆದ ಒಂದು ಸಾಲು ಇದು: ‘ಕನ್ನಡಕ ಪಡೆದವರು ಅದನ್ನು ನಿಯಮಿತವಾಗಿ ಬಳಸುತ್ತಾರೆ.’ ಸೂಚ್ಯಂಕದ ಕಾಲಮಿನಲ್ಲಿ ಇದ್ದದ್ದು ಹಂಚಿದ ಕನ್ನಡಕಗಳ ಸಂಖ್ಯೆ. ಅರ್ಜಿ ಒಪ್ಪಿಗೆಯಾಯಿತು, ಕಚೇರಿಯಲ್ಲಿ ಎಲ್ಲರೂ ಸಂತೋಷಪಟ್ಟರು, ಆ ನಾಲ್ಕನೇ ಕಾಲಮ್ಮನ್ನು ನಾನಾಗಲಿ ಮತ್ತೊಬ್ಬರಾಗಲಿ ಒಂದೂವರೆ ವರ್ಷ ತೆರೆದು ನೋಡಲಿಲ್ಲ.

ಒಪ್ಪಿಕೊಂಡ ಸಂಖ್ಯೆ ದೊಡ್ಡದಿತ್ತು. ತಿಂಗಳ ಗುರಿಯನ್ನು ವಾರಕ್ಕೆ, ವಾರದ ಗುರಿಯನ್ನು ಶಿಬಿರಕ್ಕೆ ಹಂಚಿದಾಗ ಒಬ್ಬರಿಗೆ ಸಿಗುತ್ತಿದ್ದ ಸಮಯ ನಾಲ್ಕು ನಿಮಿಷಕ್ಕಿಂತ ಕಡಿಮೆ. ಶಿಬಿರಗಳು ಭಾನುವಾರವೂ ನಡೆಯತೊಡಗಿದವು, ಏಕೆಂದರೆ ದುಡಿಯುವ ಜನ ಸಿಗುವುದು ಆ ದಿನವೇ. ವಾರದ ರಜೆ ಮುಂದಕ್ಕೆ ಹೋಯಿತು, ಮುಂದಕ್ಕೆ ಹೋದದ್ದು ಅಲ್ಲಿಯೇ ಉಳಿಯಿತು. ಇದನ್ನು ಯಾರೂ ನಮ್ಮ ಮೇಲೆ ಹೇರಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಎದುರಿಗೆ ಸಾಲುಗಟ್ಟಿ ನಿಂತವರನ್ನು ಬಿಟ್ಟು ಆರು ಗಂಟೆಗೆ ಏಳುವ ಮನಸ್ಸು ನಮಗೇ ಬರುತ್ತಿರಲಿಲ್ಲ. ಕಂಪನಿಯಲ್ಲಿದ್ದಾಗ ಹೆಚ್ಚುವರಿ ಕೆಲಸಕ್ಕೆ ಆಗುವುದಿಲ್ಲ ಎಂದು ಹೇಳಿದರೆ ಅದು ಕೆಲಸದ ಮಾತಾಗಿರುತ್ತಿತ್ತು. ಇಲ್ಲಿ ಅದೇ ಮಾತು ಧ್ಯೇಯದ ಮೇಲಿನ ನಿಷ್ಠೆಯ ಮಾತಾಗಿ ಕೇಳಿಸುತ್ತದೆ, ಕೇಳುವವರಿಗಿಂತ ಮೊದಲು ಹೇಳುವವರ ಕಿವಿಗೇ ಹಾಗೆ ಕೇಳಿಸುತ್ತದೆ. ಹೀಗಾಗಿ ನಮ್ಮಲ್ಲಿ ಯಾರೂ ಹೇಳಲಿಲ್ಲ.

ಮೊದಲ ವರ್ಷದ ಕೊನೆಗೆ ನಮ್ಮ ಕ್ಷೇತ್ರ ಸಿಬ್ಬಂದಿಯಲ್ಲಿ ಅತ್ಯಂತ ಚುರುಕಾಗಿದ್ದ ಒಬ್ಬ ಹುಡುಗಿ ಕೆಲಸ ಬಿಟ್ಟಳು. ರಾಜೀನಾಮೆ ಪತ್ರದಲ್ಲಿ ವೈಯಕ್ತಿಕ ಕಾರಣ ಎಂದಷ್ಟೇ ಇತ್ತು. ಲೆಕ್ಕ ಚುಕ್ತಾ ಮಾಡಲು ನನ್ನ ಬಳಿ ಬಂದಾಗ, ‘ಸರ್, ಮೊದಲೆಲ್ಲ ಒಬ್ಬೊಬ್ಬರ ಮುಖವೂ ನೆನಪಿರುತ್ತಿತ್ತು. ಈಗ ಸಾಲು ಎಷ್ಟು ಉದ್ದ ಇದೆ ಅಂತ ಮಾತ್ರ ನೋಡ್ತೀನಿ. ನನಗೆ ನನ್ನ ಮೇಲೇ ಭಯ ಆಗ್ತಿದೆ’ ಎಂದಳು. ಅವಳು ಹೋದ ಮೇಲೆ ನಾನು ಈ ವಿಷಯವಾಗಿ ಓದತೊಡಗಿದೆ. ಇಂಥ ಬಳಲಿಕೆಗೆ ‘ಬರ್ನ್‌ಔಟ್’ ಎಂಬ ಹೆಸರು ಕೊಟ್ಟು 1974ರಲ್ಲಿ ವಿವರಿಸಿದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅದನ್ನು ಗುರುತಿಸಿದ್ದು ಯಾವುದೋ ಕಾರ್ಖಾನೆಯಲ್ಲಿ ಅಲ್ಲ, ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ, ಸ್ವಂತ ಇಚ್ಛೆಯಿಂದ ದುಡಿಯಲು ಬಂದವರಲ್ಲಿ. ಸ್ವತಃ ಫ್ರಾಯ್ಡೆನ್‌ಬರ್ಗರ್ ಅವರೂ ಆ ದುಡಿಮೆಯಿಂದ ಬಳಲಿದ್ದವರೇ. ಅದನ್ನು ಓದಿದಾಗ ಸಮಾಧಾನಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ನನ್ನ ತಿಂಗಳ ವರದಿಗಳಲ್ಲಿ ಅವಳ ಹೆಸರಿನ ಮುಂದೆ ಅತಿ ಹೆಚ್ಚು ಸಂಖ್ಯೆ ಇತ್ತು, ಅದನ್ನು ನಾನು ದಪ್ಪಕ್ಷರದಲ್ಲಿ ಬರೆದಿದ್ದೆ.

ಒಂದೂವರೆ ವರ್ಷ ಆಗುವ ಹೊತ್ತಿಗೆ ಹಂಚಿಕೆ ಗುರಿಯನ್ನು ಮೀರಿತ್ತು. ದಾನಿಗೆ ಕಳುಹಿಸುವ ವರದಿಯಲ್ಲಿ ಮೂರು ನಾಲ್ಕು ಅನುಭವಗಳನ್ನು ಭಾವಚಿತ್ರಗಳೊಂದಿಗೆ ಸೇರಿಸುವುದು ರೂಢಿ. ಅದಕ್ಕಾಗಿ ನಾನು ಮತ್ತು ಅಕ್ಕ ಹಿಂದಿನ ವರ್ಷ ಕನ್ನಡಕ ಪಡೆದವರ ಮನೆಗಳಿಗೆ ಹೋದೆವು. ಮೊದಲ ಮನೆಯಲ್ಲಿದ್ದವರು ಹೊಲಿಗೆ ಕೆಲಸ ಮಾಡುವ ಒಬ್ಬ ಹೆಂಗಸು. ನಮ್ಮನ್ನು ಆದರದಿಂದ ಕೂರಿಸಿ, ಕನ್ನಡಕ ಎಲ್ಲಿ ಎಂದು ಕೇಳಿದಾಗ ಬೀರು ತೆಗೆದು, ಸೀರೆಗಳ ನಡುವೆ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಡಬ್ಬಿಯನ್ನು ತಂದರು. ಒಳಗಿದ್ದ ಕನ್ನಡಕದ ಮೇಲೆ ಒಂದು ಗೀರೂ ಇರಲಿಲ್ಲ. ಹೊಲಿಗೆ ಯಂತ್ರದ ಪಕ್ಕದಲ್ಲಿ ಮಗಳು ಶಾಲೆಗೆ ಹೋಗುವ ಮುನ್ನ ದಾರ ಪೋಣಿಸಿಟ್ಟ ಆರು ಸೂಜಿಗಳನ್ನು ಒಂದು ಬಟ್ಟೆಯ ತುಂಡಿಗೆ ಸಾಲಾಗಿ ಚುಚ್ಚಿಟ್ಟಿದ್ದರು.

‘ಯಾಕಮ್ಮ, ಹಾಕಿಕೊಳ್ಳೋದಿಲ್ವಾ?’ ಎಂದು ಅಕ್ಕ ಕೇಳಿದರು.

‘ಹಾಕಿಕೊಂಡೆ ತಾಯಿ, ಎರಡು ದಿನ. ನಡೆದರೆ ನೆಲ ಮೇಲೆ ಕೆಳಗೆ ಆದ ಹಾಗೆ ಆಗ್ತಿತ್ತು. ತಲೆ ಸುತ್ತು ಬಂತು. ನೀವು ಪ್ರೀತಿಯಿಂದ ಕೊಟ್ಟಿದ್ದು, ಹಾಳಾಗಬಾರದು ಅಂತ ಜೋಪಾನವಾಗಿ ಇಟ್ಟಿದ್ದೀನಿ.’

ಹತ್ತಿರದ ನೋಟದ ಕನ್ನಡಕವನ್ನು ಹಾಕಿಕೊಂಡು ದೂರ ನೋಡಿದರೆ ಮಸುಕಾಗುತ್ತದೆ. ಕೆಲಸಕ್ಕೆ ಕುಳಿತಾಗ ಹಾಕಿ, ಏಳುವಾಗ ತೆಗೆಯಬೇಕು. ಇಷ್ಟನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅಥವಾ ಸದ್ದಿನಲ್ಲಿ ಅವಸರದಿಂದ ಹೇಳಿದ್ದು ಅವರಿಗೆ ಕೇಳಿಸಿರಲಿಲ್ಲ. ನಮ್ಮ ನಾಲ್ಕು ನಿಮಿಷದಲ್ಲಿ ಅದಕ್ಕೆ ಜಾಗವಿರಲಿಲ್ಲ. ಆ ವಾರ ನಾವು ಅನುಭವ ಸಂಗ್ರಹವನ್ನು ಕೈಬಿಟ್ಟು, ಪಟ್ಟಿಯಿಂದ ಚೀಟಿ ಎತ್ತಿ ಬಂದ ಹೆಸರುಗಳ ಮನೆಗಳಿಗೆಲ್ಲ ಹೋದೆವು. ಕೆಲವರ ಕನ್ನಡಕದ ಕಡ್ಡಿ ಮುರಿದಿತ್ತು, ಸರಿಮಾಡಿಸಲು ಎಲ್ಲಿಗೆ ಹೋಗಬೇಕೆಂದು ತಿಳಿದಿರಲಿಲ್ಲ. ಕೆಲವರು ಮುದುಕರಂತೆ ಕಾಣುತ್ತೇವೆಂದು ಬಿಟ್ಟಿದ್ದರು. ಒಬ್ಬರು ತಮ್ಮದನ್ನು ಅಣ್ಣನಿಗೆ ಕೊಟ್ಟಿದ್ದರು. ಕನ್ನಡಕ ಹಾಕಿಕೊಂಡೇ ಬಾಗಿಲು ತೆರೆದವರೂ, ಅದಿಲ್ಲದೆ ಈಗ ಕೆಲಸ ಸಾಗದು ಎಂದವರೂ ಇದ್ದರು, ಅದು ನಮಗೆ ಬಹಳ ಧೈರ್ಯ ಕೊಟ್ಟಿತು. ಆದರೆ ನಿಯಮಿತವಾಗಿ ಬಳಸುತ್ತಿದ್ದವರು ನಾವು ಭೇಟಿಯಾದವರಲ್ಲಿ ಅರ್ಧಕ್ಕಿಂತ ಕಡಿಮೆ. ಸಂಜೆ ಕಚೇರಿಗೆ ಬಂದು ಅರ್ಜಿಯ ಕಡತ ತೆರೆದು, ನಾಲ್ಕನೇ ಕಾಲಮಿನಲ್ಲಿ ನಾನೇ ಬರೆದ ಸಾಲನ್ನು ಓದಿದೆ.

ಮುಂದಿನ ಸಭೆ ಮೂರು ಗಂಟೆ ನಡೆಯಿತು. ಹಿರಿಯ ಸಹೋದ್ಯೋಗಿಯೊಬ್ಬರು, ದಾನಿ ಕೇಳಿರುವುದು ಹಂಚಿದ ಸಂಖ್ಯೆ, ಅದು ನೂರಕ್ಕೆ ನೂರು ನಿಜ, ಕೇಳದ ಪ್ರಶ್ನೆಗೆ ಉತ್ತರ ಬರೆದು ಅನುದಾನ ಕಳೆದುಕೊಂಡರೆ ಮುಂದೆ ಕನ್ನಡಕ ಸಿಗಬೇಕಾದವರಿಗೂ ಸಿಗುವುದಿಲ್ಲ ಎಂದು ವಾದಿಸಿದರು. ಅವರ ಮಾತಿನಲ್ಲಿ ಸ್ವಾರ್ಥ ಲವಲೇಶವೂ ಇರಲಿಲ್ಲ, ಆ ಯೋಜನೆಯಿಂದ ಹನ್ನೆರಡು ಜನರ ಸಂಬಳ ನಡೆಯುತ್ತಿತ್ತು. ನನ್ನ ಬಳಿ ಇದ್ದದ್ದು ಒಂದೇ ಉತ್ತರ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2021ರಲ್ಲಿ ದೃಷ್ಟಿದೋಷದ ಬಗ್ಗೆ 2030ರವರೆಗಿನ ಗುರಿಯನ್ನು ಒಪ್ಪಿಕೊಂಡಾಗ, ಎಷ್ಟು ಕನ್ನಡಕ ಹಂಚಲಾಯಿತು ಎಂಬುದನ್ನು ಅಳತೆಯಾಗಿ ಇಟ್ಟುಕೊಳ್ಳಲಿಲ್ಲ. ಅಗತ್ಯವಿರುವವರಲ್ಲಿ ಎಷ್ಟು ಜನಕ್ಕೆ ಕನ್ನಡಕವಿದ್ದು ಅದರಿಂದ ಚೆನ್ನಾಗಿ ಕಾಣುತ್ತಿದೆ ಎಂಬ ‘ಪರಿಣಾಮಕಾರಿ ವ್ಯಾಪ್ತಿ’ಯನ್ನು ಇಟ್ಟುಕೊಂಡವು. ಆ ಅಳತೆಯಲ್ಲಿ ಬೀರುವಿನೊಳಗಿನ ಕನ್ನಡಕ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಹೇಳಿ ಮುಗಿಸಿದಾಗ ಅಕ್ಕ, ಅದುವರೆಗೆ ಸುಮ್ಮನಿದ್ದವರು, ‘ಆ ಹೆಣ್ಣುಮಗಳು ಸೂಜಿ ಪೋಣಿಸೋಕೆ ಮಗಳನ್ನ ಕಾಯ್ತಾಳೆ. ನಾವು ಅವಳ ಹೆಸರನ್ನ ಪಟ್ಟಿಯಲ್ಲಿ ಬರೆದು ಮುಗೀತು ಅಂತೀವಿ. ನನಗೆ ಆಗೋದಿಲ್ಲ ಮೇಡಂ’ ಎಂದು ನಿರ್ದೇಶಕಿಯ ಕಡೆ ನೋಡಿ ಹೇಳಿದರು. ನಮ್ಮ ಸಂಸ್ಥೆಯಲ್ಲಿ ‘ಆಗೋದಿಲ್ಲ’ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ವರದಿಯನ್ನು ಇದ್ದದ್ದನ್ನು ಇದ್ದಂತೆ ಬರೆದೆ. ಹಂಚಿದ ಸಂಖ್ಯೆಯ ಕೆಳಗೆ ನಾವು ಹೋದ ಮನೆಗಳೆಷ್ಟು, ಬಳಸುತ್ತಿದ್ದವರೆಷ್ಟು, ಬಿಟ್ಟವರು ಹೇಳಿದ ಕಾರಣಗಳೇನು ಎಂಬುದನ್ನು ಕೊಟ್ಟು, ಉಳಿದ ಆರು ತಿಂಗಳಲ್ಲಿ ಹೊಸ ಶಿಬಿರಗಳನ್ನು ಅರ್ಧಕ್ಕೆ ಇಳಿಸಿ, ಹಳೆಯವರ ಮನೆಗಳಿಗೆ ಮರಳಿ ಹೋಗಲು ಹಣವನ್ನು ಬದಲಿಸಿಕೊಳ್ಳಲು ಅನುಮತಿ ಕೇಳಿದೆವು. ಮೂರು ವಾರ ಉತ್ತರ ಬರಲಿಲ್ಲ. ಆ ಮೂರು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಹನ್ನೆರಡು ಜನರ ಸಂಬಳದ ಪಟ್ಟಿ ಪ್ರತಿ ತಿಂಗಳೂ ನನ್ನ ಕೈಯಿಂದಲೇ ಹೋಗುತ್ತಿದ್ದುದರಿಂದ ಒಬ್ಬೊಬ್ಬರ ಮನೆಯ ಪರಿಸ್ಥಿತಿಯೂ ನನಗೆ ಗೊತ್ತಿತ್ತು. ಕೊನೆಗೆ ದಾನಿಯ ಕಡೆಯ ಅಧಿಕಾರಿ ಫೋನ್ ಮಾಡಿ ಒಂದೂವರೆ ಗಂಟೆ ಮಾತಾಡಿದರು, ಬಹಳಷ್ಟು ಕೇಳಿದರು, ಹಣ ಬದಲಿಸಿಕೊಳ್ಳಲು ಒಪ್ಪಿದರು. ಅದೇ ವರದಿಯನ್ನು ಓದಿದ ಇನ್ನೊಂದು ದಾನಿ ಸಂಸ್ಥೆ ಮುಂದಿನ ವರ್ಷ ನಮ್ಮ ಅನುದಾನವನ್ನು ನವೀಕರಿಸಲಿಲ್ಲ. ಕಾರಣ ಹೇಳಲಿಲ್ಲ. ಇಬ್ಬರನ್ನು ನಾವು ಕೆಲಸದಿಂದ ಕಳುಹಿಸಬೇಕಾಯಿತು, ಆ ಎರಡು ಪತ್ರಗಳನ್ನೂ ನಾನೇ ಬರೆದೆ. ನಿಜ ಬರೆದದ್ದರ ಬೆಲೆಯನ್ನು ನಿಜ ಬರೆದ ನಾನು ಕೊಡಲಿಲ್ಲ, ಅವರಿಬ್ಬರು ಕೊಟ್ಟರು. ಇದನ್ನು ನಾನು ಮರೆತಿಲ್ಲ. ಹಾಗಿದ್ದೂ ಮತ್ತೆ ಅದೇ ಪರಿಸ್ಥಿತಿ ಬಂದರೆ ಅದೇ ವರದಿಯನ್ನೇ ಬರೆಯುತ್ತೇನೆ, ಒಂದೇ ವ್ಯತ್ಯಾಸವೆಂದರೆ ಒಂದು ವರ್ಷ ಮೊದಲು ಬರೆಯುತ್ತೇನೆ.

ಉಳಿದ ಬದಲಾವಣೆಗಳು ಒಂದೊಂದಾಗಿ ಬಂದವು. ಭಾನುವಾರ ಶಿಬಿರ ಮಾಡಿದವರು ಸೋಮವಾರ ರಜೆ ತೆಗೆದುಕೊಳ್ಳಲೇಬೇಕು, ಅದನ್ನು ಮುಂದಕ್ಕೆ ಹಾಕುವಂತಿಲ್ಲ ಎಂಬುದು ಈಗ ಬರಹದಲ್ಲಿರುವ ನಿಯಮ. ಸಂಖ್ಯೆಯ ಮುಂದೆ ಸಿಬ್ಬಂದಿಯ ಹೆಸರು ಬರೆಯುವುದನ್ನು ನಿಲ್ಲಿಸಿದ್ದೇವೆ. ಹೊಸ ಅರ್ಜಿಗಳಲ್ಲಿ ಬಳಕೆಯ ಪ್ರಮಾಣ ನಾಲ್ಕನೇ ಕಾಲಮಿನಿಂದ ಎರಡನೆಯದಕ್ಕೆ ಬಂದಿದೆ, ಮನೆ ಭೇಟಿಗೆ ಪ್ರತ್ಯೇಕ ಹಣ ಕೇಳುತ್ತೇವೆ, ಹಂಚುವ ಸಂಖ್ಯೆಯನ್ನು ಮೊದಲಿಗಿಂತ ಬಹಳ ಕಡಿಮೆ ಬರೆಯುತ್ತೇವೆ. ಇದರಿಂದ ಕೆಲವು ಅರ್ಜಿಗಳು ತಿರಸ್ಕೃತವಾಗಿವೆ. ಸಂಬಳ ಇಂದಿಗೂ ಕಂಪನಿಯಲ್ಲಿ ಸಿಗುತ್ತಿದ್ದಷ್ಟಿಲ್ಲ, ಈ ಬಗ್ಗೆ ನಾನು ನಿರ್ದೇಶಕಿಯೊಂದಿಗೆ ಪ್ರತಿ ವರ್ಷ ಮಾತಾಡುತ್ತೇನೆ, ಅವರೂ ಅದನ್ನು ಕೆಲಸದ ಮಾತಾಗಿಯೇ ಕೇಳಿಸಿಕೊಳ್ಳುತ್ತಾರೆ.

ಈಗಿನ ಶಿಬಿರಗಳಲ್ಲಿ ಒಬ್ಬರಿಗೆ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ. ಕನ್ನಡಕ ತೊಡಿಸಿದ ಮೇಲೆ ಅಕ್ಕ ಮಾತ್ರೆಯ ಪಟ್ಟಿಯೊಂದನ್ನು ಕೈಗೆ ಕೊಟ್ಟು ಅದರ ಮೇಲಿನ ಸಣ್ಣ ಗುರುತುಗಳನ್ನು ತೋರಿಸಲು ಹೇಳುತ್ತಾರೆ. ಆಮೇಲೆ, ಹಾಗೆಯೇ ಎದ್ದು ಬಾಗಿಲ ಕಡೆ ನೋಡಿ ಎನ್ನುತ್ತಾರೆ. ಮಸುಕಾಗುತ್ತದೆ, ಮುಖ ಬಾಡುತ್ತದೆ. ‘ಈಗ ನೀವೇ ತೆಗೀರಿ’ ಎನ್ನುತ್ತಾರೆ. ತೆಗೆದಾಗ ಬಾಗಿಲು ಸ್ಪಷ್ಟವಾಗುತ್ತದೆ. ಮತ್ತೆ ಕೂರಿಸಿ, ಮತ್ತೆ ಹಾಕಿಸಿ, ಮತ್ತೆ ಏಳಿಸಿ, ಮೂರು ಬಾರಿ ಹೀಗೆ ಮಾಡಿಸುತ್ತಾರೆ. ತೆಗೆದಾಗ ಕಳೆಯದಂತೆ, ಬೀರುವಿಗೆ ಹೋಗದಂತೆ ಕೊರಳಲ್ಲೇ ಇರಲಿ ಎಂದು ಕನ್ನಡಕಕ್ಕೆ ಒಂದು ದಾರ ಕಟ್ಟಿ ಕೊಡುತ್ತೇವೆ. ಹೊಲಿಗೆಯ ಆ ಹೆಂಗಸು ತಮ್ಮ ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಿದ್ದನ್ನು ನೋಡಿ ಅಕ್ಕನಿಗೆ ಹೊಳೆದದ್ದು ಅದು. ಕಳೆದ ಸಲದ ಬಜೆಟ್ಟಿನಲ್ಲಿ ದಾರಕ್ಕೆಂದು ಒಂದು ಸಾಲು ಸೇರಿಸಿದಾಗ, ಇದು ಏಕೆ ಬೇಕು ಎಂದು ದಾನಿಯಿಂದ ಪ್ರಶ್ನೆ ಬಂತು. ಬೀರುವಿನ ವಿಷಯವನ್ನು ನಾಲ್ಕು ಸಾಲಿನಲ್ಲಿ ಬರೆದು ಕಳುಹಿಸಿದೆ. ಮರುದಿನವೇ ಒಪ್ಪಿಗೆ ಬಂತು.